ಬಾವಿ ಇದ್ದ ಜಾಗದಲ್ಲಿ ಈಜುಕೊಳ

ತಲೆ ಆಡಿಸಿದ್ದು ನನ್ನ ತಪ್ಪೇ. ಆದರೆ ಅದು ಪೂರ್ತಿ ಹೌದು ಎನ್ನುವಂತೆ ಆಡಿಸಿದ್ದಲ್ಲ. ಯಾರಾದರೂ ನೇರವಾಗಿ ಏನಾದರೂ ಕೇಳಿದರೆ ನನ್ನ ಕತ್ತು ತಾನಾಗಿಯೇ ಒಂದು ಪಕ್ಕಕ್ಕೆ ವಾಲುತ್ತದೆ, ಹಾಗೆ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಮಗಳನ್ನು ಈಜು ತರಗತಿಗೆ ಸೇರಿಸಲು ಬಂದಿದ್ದ ವಿಶಾಖಾ ಎನ್ನುವವರು ನಮ್ಮ ಹಿತ್ತಲಿನ ಕೊಳದ ಅಂಚಿನಲ್ಲಿ ನಿಂತು, "ನಿಮಗೂ ಈಜು ಬರತ್ತಲ್ವಾ?" ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ, "ಬರ್ದೇ ಏನು ಮೇಡಂ, ಮನೇಲೇ ಪೂಲ್ ಇಟ್ಕೊಂಡು," ಎಂದರು. ನನ್ನ ಕತ್ತು ವಾಲಿತು. ವಿಶಾಖಾ ನಕ್ಕು, ಒಂದು ತಿಂಗಳ ಫೀಸು ಕೊಟ್ಟು ಹೋದರು.

ಅಂದು ಡೈರಿಯಲ್ಲಿ ಒಂದೇ ಸಾಲು ಬರೆದೆ. ನನಗೆ ಈಜು ಬರುವುದಿಲ್ಲ. ಡೈರಿಯನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆದು ಯಾರಿಗೂ ಪ್ರಯೋಜನವಾಗಲಿಲ್ಲ.

ಕಾಲೇಜು ಮುಗಿಸಿ ಎರಡು ವರ್ಷವಾಗಿದೆ. ಮನೆಯಲ್ಲೇ ಕುಳಿತು ಒಬ್ಬ ಪ್ರಕಾಶಕರಿಗೆ ಪಠ್ಯಪುಸ್ತಕಗಳ ಕರಡು ತಿದ್ದಿಕೊಡುತ್ತೇನೆ. ಯಾರೊಂದಿಗೂ ಮಾತಾಡಬೇಕಾದ ಕೆಲಸವಲ್ಲ, ಅದಕ್ಕೇ ಒಪ್ಪಿಕೊಂಡದ್ದು.

ಬಸವನಗುಡಿಯ ನಮ್ಮ ಹಳೆಯ ಮನೆಯ ಹಿತ್ತಲಲ್ಲಿ ಒಂದು ಬಾವಿ ಇತ್ತು. ನಾನು ಹುಟ್ಟುವ ಹೊತ್ತಿಗೇ ಅದು ಬತ್ತಿತ್ತು. ಆರು ವರ್ಷದ ಹಿಂದೆ ಅಪ್ಪ ಬ್ಯಾಂಕಿನ ಕೆಲಸದಿಂದ ನಿವೃತ್ತರಾಗಿ ಮನೆ ಕೆಡವಿ ಹೊಸದು ಕಟ್ಟಿಸುವಾಗ ಕಂಟ್ರಾಕ್ಟರು, "ಹೆಂಗೂ ಹಳ್ಳ ಇದೆ ಸಾರ್, ಮುಚ್ಚೋಕೂ ಲೋಡುಗಟ್ಲೆ ಮಣ್ಣು ಬೇಕು. ಇನ್ನೊಂಚೂರು ಅಗಲ ಮಾಡಿದ್ರೆ ಸ್ವಿಮ್ಮಿಂಗ್ ಪೂಲೇ ಆಗತ್ತೆ," ಎಂದರಂತೆ. ಅಪ್ಪ ನಕ್ಕು ಸುಮ್ಮನಾಗಿದ್ದರು. ಅದೇ ತಿಂಗಳು ಅವರ ಷಡ್ಡಕ, ಅಂದರೆ ಅಮ್ಮನ ತಂಗಿಯ ಗಂಡ ಶ್ರೀಧರ್ ಚಿಕ್ಕಪ್ಪ, ಸರ್ಜಾಪುರ ರಸ್ತೆಯ ಕಡೆ ಒಂದು ವಿಲ್ಲಾ ತೆಗೆದುಕೊಂಡರು. ಗೃಹಪ್ರವೇಶದ ದಿನ ಅಲ್ಲಿನ ಕ್ಲಬ್ಬಿನ ಈಜುಕೊಳ ತೋರಿಸುತ್ತ ಚಿಕ್ಕಪ್ಪ, "ಬದರಿ, ನಿಮ್ ಬಸವನಗುಡೀಲಿ ಸೊಳ್ಳೆಗಳು ಮಾತ್ರ ಈಜ್ಬೇಕು," ಎಂದರು. ಎಲ್ಲರೂ ನಕ್ಕರು. ಅಪ್ಪ ಮನೆಗೆ ಬಂದವರೇ ಚಪ್ಪಲಿ ಕೂಡ ಬಿಡದೆ ಕಂಟ್ರಾಕ್ಟರಿಗೆ ಫೋನ್ ಮಾಡಿದರು.

ಈಜುಕೊಳ ಕಟ್ಟಿಸಲು ದುಡ್ಡು ಒಂದೇ ಸಲ ಸಾಕು. ಇಟ್ಟುಕೊಳ್ಳಲು ದಿನವೂ ಬೇಕು. ಇದನ್ನು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ನೀರನ್ನು ಸೋಸುವ ಮೋಟರು ದಿನಕ್ಕೆ ಆರು ಗಂಟೆ ಓಡಬೇಕು. ಕ್ಲೋರಿನ್ ಹಾಕಬೇಕು, ಅದು ಹೆಚ್ಚಾದರೆ ಇನ್ನೊಂದು ಹಾಕಬೇಕು. ಮೊದಲ ಸಲ ಬೋರ್‌ವೆಲ್ ನೀರು ತುಂಬಿಸಿ ಕ್ಲೋರಿನ್ ಹಾಕಿದಾಗ ನೀರಿನಲ್ಲಿದ್ದ ಕಬ್ಬಿಣವೆಲ್ಲ ಎದ್ದು, ಇಡೀ ಕೊಳ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು. ಅಂದಿನಿಂದ ಟ್ಯಾಂಕರಿನ ನೀರೇ. ಊರಿಗೇ ನೀರಿಲ್ಲದ ಒಂದು ಬೇಸಿಗೆಯಲ್ಲಿ ಟ್ಯಾಂಕರು ಸಿಗದೆ ಕೊಳ ಹಸಿರಾಗಿ ನಿಂತು, ಪಕ್ಕದ ಮನೆಯವರು ಸೊಳ್ಳೆ ಬ್ಯಾಟು ಹಿಡಿದುಕೊಂಡೇ ಜಗಳಕ್ಕೆ ಬಂದಿದ್ದರು.

ತರಗತಿಯ ಯೋಚನೆ ಹುಟ್ಟಿದ್ದು ಊಟದ ಹೊತ್ತಿನಲ್ಲಿ. ಅಂದು ಮಜ್ಜಿಗೆಹುಳಿ, ಹುರುಳಿಕಾಯಿ ಪಲ್ಯ. ಅಪ್ಪ ಕರೆಂಟು ಬಿಲ್ಲನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು ಕುಳಿತಿದ್ದರು.

"ಹತ್ತು ಸಾವಿರದ ಎಂಟುನೂರು," ಎಂದರು. "ಮನೇಲಿ ಏಸಿ ಇಲ್ಲ, ಏನಿಲ್ಲ."

"ಏಸಿ ಇದ್ದಿದ್ರೆ ನಾವಾದ್ರೂ ತಣ್ಣಗಿರ್ತಿದ್ವಿ," ಎಂದ ನನ್ನ ತಮ್ಮ ವಸಿಷ್ಠ. ಅವನು ಚಾಮರಾಜಪೇಟೆಯ ಒಬ್ಬ ಆಡಿಟರ ಹತ್ತಿರ ಸಿ.ಎ. ತರಬೇತಿಗಿದ್ದಾನೆ. ಮನೆಯಲ್ಲಿ ಯಾರಿಗೂ ಹೆದರುವುದಿಲ್ಲ.

"ನಿನ್ ದುಡ್ಡಲ್ಲಿ ಕಟ್ತಿರೋ ಹಾಗೆ ಮಾತಾಡ್ಬೇಡ."

"ನನಗೆ ಬರೋದು ಆ ಮೋಟರಿಗೆ ಒಂದು ವಾರಕ್ಕೂ ಸಾಲಲ್ಲ ಬಿಡಿ. ಮುಚ್ಚಿಸ್ಬಿಡಿ ಅಪ್ಪ. ಮಣ್ಣು ತುಂಬ್ಸಿ ನಾಕು ಕನಕಾಂಬರ ಹಾಕಿ. ಅಜ್ಜಿಗೆ ಪೂಜೆಗಾದ್ರೂ ಆಗತ್ತೆ."

"ಮುಚ್ಸೋಕೆ ಎರಡೂಮುಕ್ಕಾಲು ಲಕ್ಷ ಕೇಳಿದಾನೆ. ನೀರು ಖಾಲಿ ಮಾಡಿ ಹಾಗೇ ಬಿಟ್ರೆ ಟೈಲ್ಸ್ ಎದ್ದು ಬರತ್ತಂತೆ."

ಅಜ್ಜಿ ಮೊಸರನ್ನ ಕಲಸುತ್ತ, "ಬಾವಿ ಇದ್ದಾಗ ನಿಮ್ಮಪ್ಪ ವರ್ಷಕ್ಕೊಂದು ಹಗ್ಗ ತರ್ತಿದ್ರು. ಅಷ್ಟೇ ಖರ್ಚು," ಎಂದಳು.

"ಅಮ್ಮ, ಬಾವೀಲಿ ನೀರಿರ್ಲಿಲ್ಲ," ಎಂದರು ಅಪ್ಪ.

"ಇದ್ರಲ್ಲಿದೆ, ಏನ್ ಬಂತು? ಕುಡಿಯೋ ಹಾಗಿಲ್ಲ, ಮಡಿ ಬಟ್ಟೆ ಹಿಂಡೋ ಹಾಗಿಲ್ಲ. ಆಸ್ಪತ್ರೆ ವಾಸ್ನೆ."

ಅಮ್ಮ ಹುಳಿಯ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. "ಕಾಫಿಪುಡಿಗೆ ಚಿಕೋರಿ ಜಾಸ್ತಿ ಹಾಕಿಸ್ತಿದೀನಿ. ಕೊತ್ತಂಬರಿಸೊಪ್ಪು ದಿನ ಬಿಟ್ಟು ದಿನ ತರ್ತಿದೀನಿ. ಇನ್ನೇನು ಕಡಿಮೆ ಮಾಡ್ಲಿ ಹೇಳಿ, ಉಪ್ಪಾ?"

ಅಪ್ಪ ಬಿಲ್ಲನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಯಾವುದನ್ನೂ ಕಡಿಮೆ ಮಾಡ್ಬೇಡ. ಒಂದು ದಾರಿ ನೋಡಿದೀನಿ." ಬೇಸಿಗೆ ರಜೆಗೆ ಮಕ್ಕಳಿಗೆ ಈಜು ತರಗತಿ. ಶಾಲೆಯೊಂದರಲ್ಲಿ ಕೋಚ್ ಆಗಿರುವ ಮೂರ್ತಿ ಎಂಬವರು ದಿನಾ ಸಂಜೆ ಬರುತ್ತಾರೆ. ಏಪ್ರಿಲ್‌ನಲ್ಲಿ ಎಂಟು ಮಕ್ಕಳು, ತಲೆಗೆ ಮೂರೂವರೆ ಸಾವಿರ, ಮೇ ತಿಂಗಳಲ್ಲಿ ಇನ್ನೊಂದು ಗುಂಪು. ಬಂದದ್ದರಲ್ಲಿ ಮೂರ್ತಿಗೆ ಅರ್ಧ, ನಮಗೆ ಅರ್ಧ. "ಆರಾಧನಾ ಅಲ್ಲೇ ಕೂತು ಹೆಸರು ಬರ್ಕೊಂಡು, ಮಕ್ಕಳನ್ನ ನೋಡ್ಕೊಂಡ್ರೆ ಆಯ್ತು."

"ಅವ್ಳು ತರಕಾರಿಯವನ ಹತ್ರ ಚಿಲ್ಲರೆ ವಾಪಸ್ ಕೇಳಲ್ಲ ಅಪ್ಪ," ಎಂದ ವಸಿಷ್ಠ.

"ಅದಕ್ಕೇ ಹೇಳಿದ್ದು. ಸ್ವಲ್ಪ ಜನರ ಜೊತೆ ಬೆರೀಲಿ."

ಆರಾಧನಾ ಎಂದರೆ ನಾನು, ಅವರಿಬ್ಬರ ಮಧ್ಯದಲ್ಲೇ ಕುಳಿತಿದ್ದೆ. ಇನ್ನೊಂದಿಷ್ಟು ಪಲ್ಯ ಬಡಿಸಿಕೊಂಡೆ.

ತರಗತಿ ಶುರುವಾಗುವ ಮೊದಲಿನ ಶುಕ್ರವಾರ ಅಜ್ಜಿ ಹಟ ಹಿಡಿದಳು. "ಪರರ ಮಕ್ಕಳು ಇಳಿಯೋ ನೀರು. ಗಂಗೆಪೂಜೆ ಆಗ್ದೆ ಯಾರೂ ಕಾಲಿಡೋ ಹಾಗಿಲ್ಲ." ಇಂಥ ವಿಷಯದಲ್ಲಿ ಅಪ್ಪ ಒಂದು ಸುತ್ತಾದರೂ ವಾದಿಸುತ್ತಾರೆ. ಅಂದು ವಾದಿಸಲಿಲ್ಲ. ಬೆಳಿಗ್ಗೆಯೇ ಗಾಂಧಿಬಜಾರಿಗೆ ಹೋಗಿ ಹೂವು ತಂದರು. ಅಮ್ಮ ಕೊಳದ ಮೆಟ್ಟಿಲ ಬಳಿ ತೊಳೆದು ರಂಗೋಲಿ ಹಾಕಿದಳು. ಕಲಶವಿಟ್ಟು, ದೀಪ ಹಚ್ಚಿ, ಅಜ್ಜಿ ಚಿಟಿಕೆ ಅರಿಶಿನ, ಚಿಟಿಕೆ ಕುಂಕುಮ ನೀರಿಗೆ ಹಾಕಿದಳು.

"ಬಾವಿಗೆ ಒಂದು ಉದ್ಧರಣೆ ಪಂಚಾಮೃತ ಹಾಕ್ತಿದ್ವಿ," ಎಂದು ಪೂಜೆಯ ಪುಟ್ಟ ಚಮಚವನ್ನು ಎತ್ತಿ ತೋರಿಸಿದಳು.

ಅಪ್ಪ ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ದುಡಿದವರು. ಬಾವಿಯ ಸುತ್ತಳತೆಯೆಷ್ಟು, ಕೊಳದ ಉದ್ದಗಲವೆಷ್ಟು ಎಂದು ಮನಸ್ಸಿನಲ್ಲೇ ಹೋಲಿಸಿ ನೋಡಿದರು. "ಇದು ಅದರ ಎಷ್ಟೋ ಪಾಲು ದೊಡ್ಡದಲ್ವಾ ಅಮ್ಮ, ಒಂದು ಉದ್ಧರಣೆ ಯಾವ ಮೂಲೆಗೆ?" ಎಂದು ಒಳಗೆ ಹೋಗಿ ಎರಡು ಲೀಟರ್ ಹಾಲು, ಒಂದು ಪಾತ್ರೆ ಮೊಸರು, ತುಪ್ಪ, ಜೇನುತುಪ್ಪ, ಸಕ್ಕರೆ ತಂದು ಒಂದೊಂದಾಗಿ ಸುರಿದರು. ಕುಂಕುಮದ ಪೊಟ್ಟಣವನ್ನೂ ಪೂರ್ತಿ ಒದರಿದರು. ಸೇವಂತಿಗೆಯ ಎಸಳುಗಳನ್ನು ಅಜ್ಜಿ ಎರಡೂ ಕೈಯಲ್ಲಿ ಚೆಲ್ಲಿದಳು. ನೋಡಲು ಚೆನ್ನಾಗಿತ್ತು. ವಸಿಷ್ಠ ಕೂಡ ಫೋಟೋ ತೆಗೆದ.

ಮೋಟರು ಹೊತ್ತಿಗೆ ಸರಿಯಾಗಿ ತಾನೇ ಶುರುವಾಗುವಂಥದು. ನಾವು ಒಳಗೆ ಕೋಸಂಬರಿ ತಿನ್ನುತ್ತಿದ್ದಾಗ ಅದು ಶುರುವಾಯಿತು. ನಿಲ್ಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. ಅಮ್ಮ ಒಲೆಯ ಮೇಲೆ ಏನೋ ಸೀದಿದೆ ಎಂದು ಅಡುಗೆಮನೆಗೆ ಓಡಿದಳು.

ಶನಿವಾರ ಬೆಳಿಗ್ಗೆ ಕೊಳ ನೋಡಿಕೊಳ್ಳುವ ದೊರೆಸ್ವಾಮಿ ಹನುಮಂತನಗರದಿಂದ ತನ್ನ ಮೊಪೆಡ್ಡಿನಲ್ಲಿ ಬಂದ. ಐವತ್ತು ದಾಟಿದ ಮನುಷ್ಯ, ಊರಲ್ಲಿ ಹನ್ನೊಂದು ಕೊಳ ತೊಳೆಯುತ್ತಾನೆ. ಅಂಚಿನಲ್ಲಿ ನಿಂತು ಬಿಳಿ ನೀರನ್ನು ಬಹಳ ಹೊತ್ತು ನೋಡಿದ.

"ಏನ್ ಸ್ವಾಮಿ, ಪಾಯಸ ಮಾಡಿದೀರಾ?"

"ಪೂಜೆ ಮಾಡಿದ್ವಿ ದೊರೆಸ್ವಾಮಿ."

"ಮಾಡಿ ಸ್ವಾಮಿ, ಬೇಡ ಅಂತೀನಾ? ನಾನೂ ಮಾಡ್ತೀನಿ. ಆಯುಧಪೂಜೆಗೆ ಮೋಟರಿಗೆ ಒಂದು ಬೊಟ್ಟು ಇಡ್ತೀನಿ. ಊಟಕ್ಕೆ ಹಾಕಲ್ಲ."

ಅಜ್ಜಿ ಕಿಟಕಿಯಿಂದಲೇ, "ಗಂಗೆಗೆ ಹಾಲು ಹಾಕ್ದೆ ಇನ್ನೇನಪ್ಪ ಹಾಕ್ತಾರೆ?" ಎಂದಳು.

"ಅಮ್ಮಾರೇ, ಗಂಗೆ ಹರ್ಕೊಂಡು ಹೋಗ್ತಾಳೆ. ಇದು ಎಲ್ಲಿಗೂ ಹೋಗಲ್ಲ, ಇಲ್ಲೇ ಸುತ್ತಾಕ್ತಿರತ್ತೆ. ಹಾಲೂ ಅದರ ಜೊತೆ ಸುತ್ತಾಕತ್ತೆ. ನಾಳೆಗೆ ಮೊಸರು."

ಎಸಳುಗಳು ಕಟ್ಟಿಕೊಂಡು ಮೋಟರು ಸುಟ್ಟಿತ್ತು. ಸೋಸುವ ಟ್ಯಾಂಕಿನೊಳಗಿನ ಮರಳಿಗೆ ತುಪ್ಪ ಹಿಡಿದಿತ್ತು. ಮೋಟರಿಗೆ ಹೊಸ ತಂತಿ ಸುತ್ತಿಸಬೇಕು, ಮರಳು ಬದಲಾಯಿಸಬೇಕು, ನೀರೆಲ್ಲ ಹೊರಗೆ ಚೆಲ್ಲಿ ಐದು ಟ್ಯಾಂಕರು ಹೊಸ ನೀರು ಬಿಡಬೇಕು. ಎಂಟು ಮಕ್ಕಳ ಫೀಸು ಒಂದು ಮಗುವಿನ ಕಾಲೂ ಒದ್ದೆಯಾಗುವ ಮೊದಲೇ ಮುಗಿದುಹೋಯಿತು.

ಸೋಮವಾರ ಮೂರ್ತಿ ಬಂದಾಗ ಅಪ್ಪ ಅವರನ್ನು ಗೇಟಿನ ಹತ್ತಿರವೇ ನಿಲ್ಲಿಸಿಕೊಂಡು ಮಾತಾಡಿದರು. ವಾರಕ್ಕೆ ಮೂರು ದಿನ ಬಂದರೆ ಸಾಕು, ಉಳಿದ ಮೂರು ದಿನ ಮಕ್ಕಳು ಕಲಿತದ್ದನ್ನು ಪ್ರಾಕ್ಟೀಸ್ ಮಾಡಲಿ, ಮೂರ್ತಿಗೆ ಸಲ್ಲುವುದು ಅರ್ಧದಲ್ಲಿ ಅರ್ಧ.

"ದುಡ್ಡು ಇರ್ಲಿ ಸಾರ್," ಎಂದರು ಮೂರ್ತಿ. "ನಾನಿಲ್ದಿದ್ ದಿನ ಮಕ್ಕಳ ಜೊತೆ ಯಾರಿರ್ತಾರೆ?"

"ನನ್ ಮಗಳಿರ್ತಾಳೆ."

ಮೂರ್ತಿ ನನ್ನ ಕಡೆ ತಿರುಗಿದರು. ನಾನು ಟವೆಲುಗಳ ಬಕೆಟ್ಟು ಎತ್ತಿಕೊಂಡು ಒಳಗೆ ಹೋದೆ.

ಅಂದಿನಿಂದ ಸಂಜೆ ನಾಲ್ಕಾದರೆ ಮನೆ ನಮ್ಮದಾಗಿರುತ್ತಿರಲಿಲ್ಲ. ಪಕ್ಕದ ಓಣಿಯಲ್ಲಿ ಚಪ್ಪಲಿಗಳು, ಬಚ್ಚಲಲ್ಲಿ ಒದ್ದೆ ಬಟ್ಟೆಗಳು, ನಡುಮನೆಯ ಸೋಫಾದ ಮೇಲೆ ಮಕ್ಕಳನ್ನು ಬಿಡಲು ಬಂದು ಹೋಗದೇ ಕುಳಿತ ತಾಯಂದಿರು. ಒಬ್ಬರಿಗೆ ನೀರು ಕೊಟ್ಟರೆ ಇನ್ನೊಬ್ಬರಿಗೆ ಕಾಫಿ. ಅಮ್ಮ ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಹಾಲು ತರಿಸತೊಡಗಿದಳು. ಅಜ್ಜಿ ಮಡಿಯಲ್ಲಿ ದೇವರ ಮನೆಗೆ ಹೊರಟರೆ ಯಾವುದಾದರೊಂದು ಒದ್ದೆ ಮಗು ಎದುರು ಬಂದು ತಗಲುತ್ತಿತ್ತು. ಅಜ್ಜಿ ಮತ್ತೆ ಸ್ನಾನಕ್ಕೆ ಹೋಗುತ್ತಿದ್ದಳು. ಒಂದು ಸಂಜೆ ಮೂರು ಸಲ ಸ್ನಾನವಾದ ಮೇಲೆ, "ಬದರಿ, ನಾನೂ ಇದರಲ್ಲೇ ಇಳಿದ್ಬಿಡ್ತೀನಪ್ಪ, ನಂದೂ ಫೀಸು ಹಿಡ್ಕೋ," ಎಂದಳು.

ಮೂರ್ತಿ ಬರುವ ದಿನಗಳಲ್ಲಿ ನನಗೆ ಊಟ ಸೇರುತ್ತಿತ್ತು. ಬರದ ಮಂಗಳ, ಗುರು, ಶನಿವಾರಗಳಂದು ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಕೊಳದ ಒಂದು ತುದಿಯಲ್ಲಿ ಮೂರಡಿ, ಇನ್ನೊಂದು ತುದಿಯಲ್ಲಿ ಐದೂವರೆ ಅಡಿ. ನಡುವೆ ಒಂದು ಹಗ್ಗ. ಎಂಟು ತಲೆಗಳನ್ನು ಎಣಿಸುವುದು, ಮತ್ತೆ ಎಣಿಸುವುದು, ಇಷ್ಟೇ ನನ್ನ ಕೆಲಸ. ಒಂದು ತಲೆ ಮುಳುಗಿದರೆ ಏಳುವವರೆಗೆ ನನಗೂ ಉಸಿರಿರುತ್ತಿರಲಿಲ್ಲ.

ಎರಡನೆಯ ವಾರ ಅಮ್ಮನಿಗೆ ಹೇಳಿದೆ. ಅವಳು ಅವರೆಬೇಳೆ ಆರಿಸುತ್ತಿದ್ದಳು.

"ಅಮ್ಮ, ನಂಗೆ ಈಜು ಬರಲ್ಲ ಅಂತ ನಿಂಗೆ ಗೊತ್ತಲ್ವಾ?"

"ಗೊತ್ತು."

"ಅವ್ರೆಲ್ಲ ನಂಗೆ ಬರತ್ತೆ ಅನ್ಕೊಂಡಿದಾರೆ."

ಅಮ್ಮ ಒಂದು ಹುಳುಕು ಕಾಳನ್ನು ಬದಿಗೆ ಹಾಕಿದಳು. "ಈಗ ಹೋಗಿ ಹೇಳ್ಬೇಡ. ಫೀಸು ಈಸ್ಕೊಂಡಾಗಿದೆ, ಟ್ಯಾಂಕರಿಗೆ ಹೋಗಿಯೂ ಆಗಿದೆ. ವಾಪಸ್ ಕೇಳಿದ್ರೆ ಎಲ್ಲಿಂದ ಕೊಡೋದು? ಒಂದು ತಿಂಗಳು ಹುಷಾರಾಗಿ ನೋಡ್ಕೋ."

"ಹುಷಾರಾಗಿ ನೋಡಿದ್ರೆ ಮುಳುಗೋದು ಕಾಣತ್ತೆ ಅಷ್ಟೇ ಅಮ್ಮ."

"ನನ್ನೇನ್ ಮಾಡು ಅಂತೀಯ? ನಾನು ಕಟ್ಟಿಸಿದ್ನಾ? ನನ್ ಅಡುಗೆಮನೆಗೆ ಒಂದು ಚಿಮಣಿ ಹಾಕ್ಸಿ ಅಂದ್ರೆ ದುಡ್ಡಿಲ್ಲ ಅಂದ್ರು." ಆಮೇಲೆ ಮೊರವನ್ನು ನನ್ನ ಕೈಗೆ ಕೊಟ್ಟು, ಹಾಲಿನವನ ಬೆಲ್ಲಿಗೆ ಎದ್ದು ಹೋದಳು.

ಹಾಗಾದರೆ ಕಲಿತುಬಿಡೋಣ ಎನಿಸಿತು. ಮೂರ್ತಿಯನ್ನು ಕೇಳಿದರೆ ಗುಟ್ಟು ರಟ್ಟಾಗುತ್ತದೆ. ಅಪ್ಪ ಇದ್ದಾರಲ್ಲ. ಹುಡುಗನಾಗಿದ್ದಾಗ ಶ್ರೀರಂಗಪಟ್ಟಣದ ಸೋದರಮಾವನ ಮನೆಗೆ ಹೋದಾಗಲೆಲ್ಲ ಕಾವೇರಿಯನ್ನು ಈ ದಡದಿಂದ ಆ ದಡಕ್ಕೆ ದಾಟುತ್ತಿದ್ದರೆಂದು ನಾವು ಚಿಕ್ಕಂದಿನಿಂದ ಕೇಳಿದ್ದೆವು. ದಿನಾ ಬೆಳಿಗ್ಗೆ ಆರಕ್ಕೆ ಕೊಳಕ್ಕೆ ಇಳಿಯುತ್ತಾರೆ ಕೂಡ. ಕಾಫಿ ಕೊಡುವಾಗ ಕೇಳಿದೆ.

"ಅಪ್ಪ, ನಂಗೆ ಈಜು ಹೇಳ್ಕೊಡ್ತೀರಾ? ಬೆಳಿಗ್ಗೆ ಹೊತ್ತು, ಒಂದರ್ಧ ಗಂಟೆ."

ಅಪ್ಪ ಲೋಟದಿಂದ ಕಣ್ಣೆತ್ತಲಿಲ್ಲ. "ಕಿವಿಗೆ ನೀರು ಹೋಗಿ ಗುಂಯ್ ಅಂತಿದೆ. ಮುಂದಿನ ವಾರ ನೋಡೋಣ."

ಮುಂದಿನ ವಾರ ಮಂಡಿ ನೋವು. ಅದರ ಮುಂದಿನ ವಾರ, "ಬ್ಯಾಚ್ ಮುಗೀಲಿ, ನೀರು ಬದಲಾಯಿಸಿದ್ ಮೇಲೆ."

ಆದರೂ ಅವರು ದಿನಾ ಇಳಿಯುವುದನ್ನು ಬಿಡಲಿಲ್ಲ. ಒಂದು ಬೆಳಿಗ್ಗೆ ಮಹಡಿಯ ಮೇಲೆ ಬಟ್ಟೆ ಹರವುತ್ತ ಕೆಳಗೆ ನೋಡಿದೆ. ನೀರು ತಿಳಿಯಾಗಿತ್ತು. ಅಪ್ಪ ಈ ತುದಿಯಿಂದ ಹಗ್ಗದವರೆಗೆ, ಹಗ್ಗದಿಂದ ಈ ತುದಿಗೆ ಹೋಗಿ ಬರುತ್ತಿದ್ದರು. ಕೈಗಳು ಈಜುತ್ತಿದ್ದವು. ಕಾಲುಗಳು ನಡೆಯುತ್ತಿದ್ದವು. ತಳದ ನೀಲಿ ಟೈಲ್ಸಿನ ಮೇಲೆ ಅವರ ಎರಡು ಬಿಳಿಯ ಪಾದಗಳು ಒಂದಾದ ಮೇಲೊಂದು ಊರುವುದು ಮೇಲಿನಿಂದ ಚೆನ್ನಾಗಿ ಕಾಣುತ್ತಿತ್ತು. ಹಗ್ಗದ ಹತ್ತಿರ ಬಂದಾಗ ಅಂಚಿನ ಕಂಬಿ ಹಿಡಿದುಕೊಂಡು ಹುಷಾರಾಗಿ ತಿರುಗುತ್ತಿದ್ದರು. ಏನೋ ಗುನುಗುತ್ತಲೂ ಇದ್ದರು. ಅವರ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಮನೆಯೊಳಗೆ ನೋಡಿರಲಿಲ್ಲ. ಬಕೆಟ್ಟಿನಲ್ಲಿ ಉಳಿದ ಬಟ್ಟೆಯನ್ನು ಹಾಗೆಯೇ ಬಿಟ್ಟು ಇಳಿದು ಬಂದೆ.

ಅಮ್ಮ ದೋಸೆ ಹುಯ್ಯುತ್ತಿದ್ದಳು. "ಅಪ್ಪಂಗೆ ಈಜು ಬರಲ್ಲ," ಎಂದೆ.

"ಮೆಲ್ಲಗೆ ಮಾತಾಡು."

"ನಿಂಗೆ ಗೊತ್ತಿತ್ತಾ?"

"ಮದುವೆಯಾಗಿ ಇಪ್ಪತ್ತೇಳು ವರ್ಷ ಆಯ್ತು. ಹೊಗೇನಕಲ್‌ಗೆ ಹೋದಾಗ ತೆಪ್ಪದಲ್ಲಿ ನನ್ ಸೆರಗು ಹಿಡ್ಕೊಂಡು ಕಣ್ಮುಚ್ಚಿ ಕೂತಿದ್ರು." ದೋಸೆ ಮಗುಚಿ ಹಾಕಿದಳು. "ಅಜ್ಜಿಗೂ ಗೊತ್ತು. ನೀನು ಗೊತ್ತಿಲ್ದಿರೋ ಹಾಗಿರು. ಪಾಪ."

ಆ ಪಾಪ ಎನ್ನುವುದು ಯಾರ ಪಾಲಿಗೆ ಎಂದು ಕೇಳಬೇಕೆನಿಸಿತು. ದೋಸೆಯ ತಟ್ಟೆ ಎತ್ತಿಕೊಂಡು ನಡುಮನೆಗೆ ಹೋದೆ.

ಏಪ್ರಿಲ್ ಕೊನೆಯ ಮಂಗಳವಾರ ಅದು ನಡೆಯಿತು. ವಿಶಾಖಾ ಅವರ ಮಗಳು ಧೃತಿಗೆ ಆರು ವರ್ಷ, ಬಾಯಿ ಮುಚ್ಚದ ಹುಡುಗಿ. ನಾನು ಒಬ್ಬ ಹುಡುಗನ ಈಜಿನ ಕನ್ನಡಕ ಒರೆಸಿ ಕೊಟ್ಟು ಎಣಿಸಿದೆ. ಏಳು. ಮತ್ತೆ ಎಣಿಸಿದೆ. ಏಳು. ಹಗ್ಗದ ಆಚೆ, ಆಳದ ಕಡೆ, ನೀರಿನ ಮೇಲೆ ಎರಡು ಕೈ ಕಾಣಿಸಿ ಮುಳುಗಿದವು. ಸದ್ದೇ ಇರಲಿಲ್ಲ. ಗೋಡೆಗೆ ಒರಗಿಸಿದ್ದ, ದೊರೆಸ್ವಾಮಿ ಎಲೆ ತೆಗೆಯುವ ಉದ್ದ ಕೋಲಿನ ಬಲೆ ಕೈಗೆ ಸಿಕ್ಕಿತು. ಅದನ್ನು ಚಾಚಿದೆ. ಮೊದಲ ಸಲ ತಾಗಲಿಲ್ಲ. ಎರಡನೆಯ ಸಲ ಬಲೆ ಅವಳ ತೋಳಿಗೆ ಸಿಕ್ಕಿಕೊಂಡಿತು, ಅವಳು ಕೋಲು ಹಿಡಿದುಕೊಂಡಳು. ಎಳೆದು ಅಂಚಿಗೆ ತಂದೆ. ಕೆಮ್ಮಿದಳು, ಮೂಗಿನಲ್ಲಿ ನೀರು ಬಂತು, ಅತ್ತಳು. ಟವೆಲು ಸುತ್ತಿ ಮಡಿಲಲ್ಲಿ ಕೂರಿಸಿಕೊಂಡೆ. ಅಳು ನಿಂತ ಮೇಲೆ ನನ್ನ ಮುಖ ನೋಡಿ ಕೇಳಿದಳು.

"ಅಕ್ಕ, ನೀವ್ಯಾಕೆ ನೀರಿಗೆ ಬರ್ಲಿಲ್ಲ?"

ಮಕ್ಕಳನ್ನೆಲ್ಲ ಮೇಲೆ ಹತ್ತಿಸಿ, ಬಾಗಿಲು ಹಾಕಿ, ತಾಯಂದಿರು ಬರುವವರೆಗೆ ಓಣಿಯಲ್ಲಿ ಸಾಲಾಗಿ ಕೂರಿಸಿದೆ. ವಿಶಾಖಾ ಬಂದಾಗ ಧೃತಿ, "ಅಕ್ಕ ನನ್ನ ಮೀನಿನ ಥರ ಹಿಡಿದ್ರು," ಎಂದು ಹೇಳಿದಳು. ಅವರು ಯಾವುದೋ ಆಟವೆಂದುಕೊಂಡು ನಕ್ಕರು. ನನ್ನ ಕತ್ತು ವಾಲಿತು.

ಊಟಕ್ಕೆ ಕುಳಿತಾಗ ನಡೆದದ್ದನ್ನು ಹೇಳಿದೆ. ಅನ್ನಕ್ಕೆ ಸಾರು ಹಾಕಿಕೊಂಡ ಎಲ್ಲರ ಕೈಯೂ ನಿಂತಿತು.

"ಏನೂ ಆಗ್ಲಿಲ್ಲ ತಾನೇ?" ಎಂದರು ಅಪ್ಪ.

"ಏನಾಗ್ಬೇಕಿತ್ತಪ್ಪ ಇನ್ನ?" ವಸಿಷ್ಠ ತಟ್ಟೆ ದೂಡಿದ. "ನಾಳೆಯಿಂದ ನಿಲ್ಸಿ. ಇಲ್ಲ ಮೂರ್ತಿ ದಿನಾ ಬರ್ಲಿ."

"ಮೂರ್ತಿ ದಿನಾ ಬಂದ್ರೆ ಉಳಿಯೋದೇನು? ಮೋಟರ್ ಅಂಗಡಿಯವ್ರಿಗೆ ಇನ್ನೂ ಒಂಬತ್ತು ಸಾವಿರ ಕೊಡ್ಬೇಕು. ಮೇ ಬ್ಯಾಚಿಗೆ ಹನ್ನೆರಡು ಮಕ್ಕಳಿದಾರೆ. ಅದೊಂದು ಮುಗಿದ್ರೆ ಮಳೆಗಾಲದವರೆಗೆ ನಡೆಯತ್ತೆ."

"ಎಂಟನ್ನೇ ಎಣಿಸೋಕಾಗಿಲ್ಲ, ಹನ್ನೆರಡು ಸೇರಿಸ್ಕೊಳ್ತೀರಾ?"

"ಅವಳು ಕೋಲು ಕೊಟ್ಟು ಎಳೆದ್ಲಲ್ಲ. ಸಮಯಸ್ಫೂರ್ತಿ ಇದೆ." ಅಪ್ಪ ನನ್ನ ಕಡೆ ತಿರುಗಿ, ಮೆಚ್ಚಿದವರಂತೆ ನಗಲು ನೋಡಿದರು.

ಅಜ್ಜಿ, "ಬದರಿ, ಆ ಮಗು ಏನಾದ್ರೂ..." ಎಂದು ಶುರು ಮಾಡಿದಳು.

"ಅಮ್ಮ, ನೀನು ಸುಮ್ನಿರು. ನಿನ್ ಪೂಜೆಯಿಂದ್ಲೇ ಇಷ್ಟಾಗಿದ್ದು."

ಅಜ್ಜಿ ಊಟ ಅರ್ಧಕ್ಕೆ ಬಿಟ್ಟು ಎದ್ದಳು. ಅಮ್ಮ, "ಅವ್ರು ಒಂದು ಉದ್ಧರಣೆ ಅಂದ್ರೆ ಡೇರಿ ತಂದು ಸುರಿದೋರು ಯಾರು?" ಎಂದು ಅಜ್ಜಿಯ ಪರವಾಗಿ ತಾನೇ ಹೇಳಿ, ಅಳುತ್ತ ಪಾತ್ರೆ ಎತ್ತಿದಳು. ಮಾತು ಬಾವಿಗೆ, ಅಲ್ಲಿಂದ ಚಿಮಣಿಗೆ, ಅಲ್ಲಿಂದ ಶ್ರೀಧರ್ ಚಿಕ್ಕಪ್ಪನಿಗೆ ಹೋಯಿತು. ಧೃತಿಯ ಹೆಸರು ಮತ್ತೆ ಬರಲಿಲ್ಲ.

ಮೇ ತಿಂಗಳ ಮೊದಲ ಭಾನುವಾರ ಹೊಸ ಗುಂಪಿನ ತಂದೆತಾಯಂದಿರು ಬಂದರು. ನಡುಮನೆಯಲ್ಲಿ ಜಾಗ ಸಾಲದೆ ವಸಿಷ್ಠ ಮಹಡಿಯಿಂದ ಕುರ್ಚಿ ತಂದ. ಶ್ರೀಧರ್ ಚಿಕ್ಕಪ್ಪನೂ ಮಾವಿನಹಣ್ಣು ಕೊಡಲು ಬಂದವರು ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದರು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು.

"ವಾರಕ್ಕೆ ಮೂರು ದಿನ ಕೋಚಿಂಗ್, ಮೂರು ದಿನ ಪ್ರಾಕ್ಟೀಸ್," ಎಂದು ವಿವರಿಸಿದರು. "ನೀರು ವಾರಕ್ಕೆರಡು ಸಲ ಟೆಸ್ಟ್ ಆಗತ್ತೆ. ನಮ್ ಆರಾಧನಾ ಪೂರ್ತಿ ಹೊತ್ತು ಇರ್ತಾಳೆ."

ಮತ್ತೊಂದು ತಿಂಗಳಿಗೆ ಮಗಳನ್ನು ಸೇರಿಸಲು ಬಂದಿದ್ದ ವಿಶಾಖಾ, "ಹೌದು, ಆರಾಧನಾ ಇದ್ರೆ ನಮಗೆ ಚಿಂತೆ ಇಲ್ಲ. ನಾನು ಆಫೀಸಿಂದ ಆರಾಮಾಗಿ ಬರ್ತೀನಿ," ಎಂದು ಪಕ್ಕದವರಿಗೆ ಹೇಳಿದರು. ಧೃತಿ ಅವರ ಕೈ ಹಿಡಿದು ಜೋತಾಡುತ್ತಿದ್ದಳು.

ಹಿಂದಿನ ಕುರ್ಚಿಯಲ್ಲಿದ್ದ ಗಿಡ್ಡನೆಯ ಮನುಷ್ಯರೊಬ್ಬರು ಕೈ ಎತ್ತಿದರು. ಅವಳಿ ಗಂಡುಮಕ್ಕಳನ್ನು ಸೇರಿಸಲು ಬಂದವರು. "ತಪ್ಪು ತಿಳ್ಕೋಬೇಡಿ ಸಾರ್. ಕೋಚ್ ಇಲ್ದಿದ್ ದಿನ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನೀರಿಗೆ ಇಳಿಯೋರು ಯಾರು?"

"ಮಗಳಿದಾಳಲ್ಲ. ನಾನೂ ಇರ್ತೀನಿ, ಕಾವೇರೀಲಿ ಈಜಿ ಬೆಳೆದೋನು."

"ಅದು ನಿಜ," ಎಂದರು ಶ್ರೀಧರ್ ಚಿಕ್ಕಪ್ಪ. "ಬದರಿ ಹೊಳೆ ದಾಟ್ತಿದ್ದೋರು. ನಾವೆಲ್ಲ ಕ್ಲಬ್ಬಲ್ಲಿ ಕಲಿತೋರು."

ಅಪ್ಪನ ಮುಖ ಅರಳಿತು. ಆರು ವರ್ಷದಲ್ಲಿ ಚಿಕ್ಕಪ್ಪ ಅವರನ್ನು ಹೊಗಳಿದ್ದು ಅದೇ ಮೊದಲು.

ಅವಳಿ ಮಕ್ಕಳ ತಂದೆ ನನ್ನನ್ನೇ ನೋಡುತ್ತಿದ್ದರು. "ಮೇಡಂ, ನೀವು ಎಷ್ಟು ವರ್ಷದಿಂದ ಈಜ್ತಿದೀರಾ?"

"ಚಿಕ್ ವಯಸ್ಸಿಂದ," ಎಂದರು ಅಪ್ಪ.

"ಅವ್ರು ಹೇಳ್ಲಿ ಸಾರ್."

ಅಮ್ಮ ಪಾನಕದ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅಜ್ಜಿ ದೇವರ ಮನೆಯಿಂದ ಹೊರಗೆ ಬಂದಿದ್ದಳು. ವಸಿಷ್ಠ ನೆಲ ನೋಡುತ್ತಿದ್ದ. ಅಪ್ಪ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ತೆಪ್ಪದಲ್ಲಿ ಸೆರಗು ಹಿಡಿದು ಕಣ್ಣು ಮುಚ್ಚುವ ಮೊದಲು ಅಮ್ಮನನ್ನು ಹೀಗೇ ನೋಡಿರಬೇಕು. ನನ್ನ ಕತ್ತು ವಾಲಲು ಹೊರಟದ್ದು ನನಗೇ ತಿಳಿಯಿತು. ಅದನ್ನು ನೆಟ್ಟಗೆ ನಿಲ್ಲಿಸಲು ಕೈಯಲ್ಲಿದ್ದ ಹೆಸರಿನ ಪುಸ್ತಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕಾಯಿತು. ಧೃತಿ ಅವರಮ್ಮನ ಕೈ ಬಿಟ್ಟು, ತೆರೆದಿದ್ದ ಹಿತ್ತಲ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟಳು.

"ನಮ್ಮನೇಲಿ ಯಾರಿಗೂ ಈಜು ಬರಲ್ಲ," ಎಂದೆ.